ದೊಡ್ಡಪ್ಪನ ಮಾತ್ರೆ ಮತ್ತು ನೂರು ಅಡಿಕೆ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಅಮ್ಮನ ಫೋನ್ ಬಂದರೆ ಏನೋ ಆಗಿದೆ ಅಂತಲೇ ಅರ್ಥ. ಭಾನುವಾರ ನಾನು ಹತ್ತರವರೆಗೆ ಏಳೋದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.

"ದೊಡ್ಡಪ್ಪ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಯ್ತಂತೆ. ದೊಡ್ಡಮ್ಮ ಅಳ್ತಾ ಇದ್ದಾರೆ. ನೀನೊಂದ್ಸಲ ಮಾತಾಡು. ನಿನ್ನ ಮಾತಾದ್ರೂ ಕೇಳಬಹುದು, ನೀನು ಅದೇ ಕೆಲಸದಲ್ಲಿ ಇದ್ದೀಯಲ್ಲ."

ಅದೇ ಕೆಲಸ ಅಂದರೆ, ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಕಂಪನಿಯಲ್ಲಿ ವೈದ್ಯಕೀಯ ಸಂಶೋಧನೆಗಳ ರಿವ್ಯೂ ಮಾಡುವ ತಂಡದಲ್ಲಿದ್ದೇನೆ. ಒಂದು ಔಷಧಿಯ ಮೇಲೆ ಜಗತ್ತಿನಲ್ಲಿ ಎಲ್ಲೆಲ್ಲಿ ಟ್ರಯಲ್ ನಡೆದಿದೆಯೋ ಅವನ್ನೆಲ್ಲ ಹುಡುಕಬೇಕು, ಓದಬೇಕು, ಒಂದೊಂದರಿಂದಲೂ ಸಂಖ್ಯೆಗಳನ್ನು ಹೆಕ್ಕಿ ಎಕ್ಸೆಲ್ ಶೀಟಿಗೆ ತುಂಬಬೇಕು. ಆಮೇಲೆ ಎಲ್ಲವನ್ನೂ ಸೇರಿಸಿ, ಒಟ್ಟಾರೆ ಈ ಔಷಧಿ ಎಷ್ಟು ಕೆಲಸ ಮಾಡುತ್ತದೆ ಅಂತ ಹೇಳಬೇಕು. ಮನೆಯಲ್ಲಿ ಇದನ್ನು ಎಷ್ಟು ಸಲ ವಿವರಿಸಿದರೂ "ಕಂಪ್ಯೂಟರ್‌ನಲ್ಲಿ ಮಾತ್ರೆ ಲೆಕ್ಕ ಹಾಕ್ತಾಳೆ" ಅಂತಲೇ ನೆಂಟರಿಗೆ ಹೇಳುತ್ತಾರೆ. ಇರಲಿ, ಅದೂ ತಪ್ಪಲ್ಲ.

ನಮ್ಮ ಶೀಟಿನಲ್ಲಿ 'ಎಫೆಕ್ಟ್ ಮೆಷರ್' ಅಂತ ಒಂದು ಕಾಲಂ ಇದೆ. ಔಷಧಿಯ ಪರಿಣಾಮವನ್ನು ಯಾವ ಅಳತೆಯಲ್ಲಿ ಹೇಳಿದ್ದಾರೆ ಅನ್ನೋದನ್ನು ಅಲ್ಲಿ ತುಂಬಬೇಕು. ಸೇರಿದ ಹೊಸದರಲ್ಲಿ ಅದು ನನಗೆ ಬರೀ ಒಂದು ಡ್ರಾಪ್‌ಡೌನ್ ಆಗಿತ್ತು. ಆದರೆ ದೊಡ್ಡಪ್ಪ ಮಾತ್ರೆ ಬಿಟ್ಟದ್ದು ಅದೇ ಕಾಲಂನಿಂದ.

ಅವರಿಗೆ ಬಂದಿದ್ದ ವಾಟ್ಸಾಪ್ ವಿಡಿಯೊವನ್ನು ದೊಡ್ಡಮ್ಮ ನನಗೂ ಕಳಿಸಿದರು. ಎರಡೇ ನಿಮಿಷದ್ದು. ಸಾರಾಂಶ ಇಷ್ಟು: ಕೊಲೆಸ್ಟ್ರಾಲ್ ಮಾತ್ರೆಯಿಂದ ಶೇ 36 ಲಾಭ ಅಂತ ನಿಮಗೆ ಹೇಳ್ತಾರೆ, ನಿಜವಾದ ಲಾಭ ಶೇ 1 ಮಾತ್ರ, ನೂರು ಜನ ವರ್ಷಗಟ್ಟಲೆ ನುಂಗಿದರೆ ಒಬ್ಬನಿಗೆ ಉಪಯೋಗ, ಉಳಿದ ತೊಂಬತ್ತೊಂಬತ್ತು ಜನ ಕಂಪನಿ ಸಾಕ್ತಿದ್ದಾರೆ. ದೊಡ್ಡಪ್ಪನಿಗೆ ಅರವತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ, ಶಿವಮೊಗ್ಗದಲ್ಲಿ ಸ್ಟಂಟ್ ಹಾಕಿಸಿಕೊಂಡವರು. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಲೆಕ್ಕದಲ್ಲಿ ಬಹಳ ಗಟ್ಟಿ, ಮಂಡಿಯವರೇ ಅವರ ಎದುರು ಎರಡು ಸಲ ಕೂಡಿಸಿ ನೋಡ್ತಾರೆ. ಅಂಥವರಿಗೆ "ನೂರರಲ್ಲಿ ಒಂದು" ಅಂದರೆ ಅದು ನಷ್ಟದ ವ್ಯಾಪಾರ.

ಎಲ್ಲ ಸುಳ್ಳು ಅಂತ ಹೇಳಿಬಿಟ್ಟಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಕಷ್ಟ ಏನೆಂದರೆ ಆ ಎರಡೂ ಸಂಖ್ಯೆ ಸುಳ್ಳಲ್ಲ.

ಅವು ಬಂದಿದ್ದು ಆಸ್ಕಾಟ್ ಎಂಬ ದೊಡ್ಡ ಟ್ರಯಲ್‌ನಿಂದ, ಅದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಬಿಪಿ ಇದ್ದು, ಜೊತೆಗೆ ಇನ್ನೂ ಕೆಲವು ಅಪಾಯದ ಅಂಶಗಳಿದ್ದ, ಆದರೆ ಅದುವರೆಗೆ ಹೃದಯಾಘಾತ ಆಗಿರದ ಸುಮಾರು ಹತ್ತು ಸಾವಿರ ಜನ. ಅರ್ಧ ಜನರಿಗೆ ಅಟೋರ್ವಾಸ್ಟಾಟಿನ್, ಅರ್ಧ ಜನರಿಗೆ ನೋಡಲು ಅದೇ ಥರದ ಖಾಲಿ ಮಾತ್ರೆ. ಮೂರು ವರ್ಷ ಚಿಲ್ಲರೆ ಕಳೆದಾಗ ಖಾಲಿ ಮಾತ್ರೆಯ 5137 ಜನರಲ್ಲಿ 154 ಮಂದಿಗೆ ಹೃದಯಾಘಾತ ಅಥವಾ ಅದರಿಂದ ಸಾವು ಆಗಿತ್ತು. ನಿಜವಾದ ಮಾತ್ರೆಯ 5168 ಜನರಲ್ಲಿ 100 ಮಂದಿಗೆ. ಅಂದರೆ ಶೇ 3 ಇದ್ದದ್ದು ಸುಮಾರು ಶೇ 2ಕ್ಕೆ ಇಳಿಯಿತು. ಅಮೆರಿಕದಲ್ಲಿ ಲಿಪಿಟಾರ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಈ ಮಾತ್ರೆಯ ಜಾಹೀರಾತಿನಲ್ಲಿ 'ಶೇ 36 ಕಡಿಮೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಶೇ 3 ಮತ್ತು ಶೇ 2ರ ವಿಷಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಮೂರು ಎರಡಾದರೆ ಕಮ್ಮಿಯಾದದ್ದು ಮೂರನೇ ಒಂದು ಭಾಗ ಅಂತ ಹೇಳಬಹುದು. ನೂರಕ್ಕೆ ಒಂದು ಅಂತಲೂ ಹೇಳಬಹುದು. ಮೊದಲನೆಯದು ಒಂದನ್ನು ಇನ್ನೊಂದರಿಂದ ಭಾಗಿಸಿ ಬಂದ ಲೆಕ್ಕ, ಇದಕ್ಕೆ ರಿಸ್ಕ್ ರೇಶಿಯೊ ಅಂತಾರೆ. ಎರಡನೆಯದು ಕಳೆದು ಬಂದದ್ದು, ರಿಸ್ಕ್ ಡಿಫರೆನ್ಸ್. ಆ ಕಳೆದ ಲೆಕ್ಕವನ್ನೇ ತಿರುಗಿಸಿ, ಒಬ್ಬರಿಗೆ ಉಪಯೋಗ ಆಗಬೇಕಾದರೆ ಎಷ್ಟು ಜನ ಮಾತ್ರೆ ತಗೋಬೇಕು ಅಂತ ಕೇಳಿದರೆ ಅದು ಎನ್‌ಎನ್‌ಟಿ. 1988ರಲ್ಲಿ ಕೆನಡಾದ ಮೂವರು ವೈದ್ಯರು ಮುಂದಿಟ್ಟ ಅಳತೆ ಅದು. ಇಲ್ಲಿ ಸುಮಾರು 94. ವಿಡಿಯೊದವನು ಅದನ್ನೇ ದುಂಡಗೆ ನೂರು ಮಾಡಿ ಹೇಳಿದ್ದ.

ಜಾಹೀರಾತಿನವರು ತಮಗೆ ಅನುಕೂಲವಾದ ಅಳತೆ ಆರಿಸಿಕೊಂಡರು. ವಿಡಿಯೊದವನೂ ಅಷ್ಟೇ. ನನಗೆ ಇಬ್ಬರ ಮೇಲೂ ಸಿಟ್ಟಿದೆ, ಆದರೆ ವಿಡಿಯೊದವನ ಮೇಲೆ ಸ್ವಲ್ಪ ಹೆಚ್ಚು. ಯಾಕೆಂದರೆ ಅವನು ಮಾಡಿದ್ದು ಎರಡು ತಪ್ಪು. ಎರಡನೆಯದು, ಹೃದಯಾಘಾತವೇ ಆಗದವರ ಲೆಕ್ಕವನ್ನು ತಂದು ಸ್ಟಂಟ್ ಹಾಕಿಸಿಕೊಂಡವರ ಮುಂದೆ ಇಟ್ಟದ್ದು.

ಮುಂದಿನ ಶನಿವಾರ ರಾತ್ರಿ ಬಸ್ ಹತ್ತುವ ಮೊದಲು ಇನ್ನೊಂದು ಟ್ರಯಲ್‌ನ ಸಂಖ್ಯೆಗಳನ್ನು ಫೋನಿನ ನೋಟ್ಸ್‌ನಲ್ಲಿ ಬರೆದುಕೊಂಡೆ. 1994ರದ್ದು, ಹೆಸರು ಫೋರ್ ಎಸ್, ನಡೆದದ್ದು ಸ್ವೀಡನ್, ನಾರ್ವೆ ಆ ಕಡೆಯ ದೇಶಗಳಲ್ಲಿ. ಮಾತ್ರೆ ಸಿಮ್ವಾಸ್ಟಾಟಿನ್, ಅದೇ ಜಾತಿಯದ್ದು. ಸೇರಿದ್ದ 4444 ಜನರೂ ಹೃದಯದ ಕಾಯಿಲೆ ಆಗಲೇ ಕಂಡವರು, ದೊಡ್ಡಪ್ಪನ ಥರದವರು. ಸರಾಸರಿ ಐದೂವರೆ ವರ್ಷದ ಹತ್ತಿರ ನೋಡಿದರು. ಖಾಲಿ ಮಾತ್ರೆಯ 2223 ಜನರಲ್ಲಿ 622 ಮಂದಿಗೆ ಹೃದಯದ ದೊಡ್ಡ ತೊಂದರೆ ಆಯಿತು, ನಿಜವಾದ ಮಾತ್ರೆಯ 2221ರಲ್ಲಿ 431 ಮಂದಿಗೆ. ನೂರಕ್ಕೆ 28 ಇದ್ದದ್ದು 19ಕ್ಕೆ ಬಂತು. ಪ್ರಬಂಧದಲ್ಲಿ ಹೇಳಿದ್ದು ಶೇ 34 ಕಡಿಮೆ ಅಂತ.

ಗಮನಿಸಿ, 36 ಮತ್ತು 34. ಹೆಚ್ಚು ಕಡಿಮೆ ಒಂದೇ. ಆದರೆ ಅಲ್ಲಿ ನೂರರಲ್ಲಿ ಒಬ್ಬರು ಉಳಿದರೆ ಇಲ್ಲಿ ಒಂಬತ್ತು ಜನ. ಎನ್‌ಎನ್‌ಟಿ 94 ಅಲ್ಲ, ಸುಮಾರು 12. ಅವಧಿ ಬೇರೆ ಬೇರೆ, ಅದನ್ನು ಸರಿದೂಗಿಸಿ ವರ್ಷದ ಲೆಕ್ಕಕ್ಕೆ ತಂದರೂ ಐದು ಪಟ್ಟು ವ್ಯತ್ಯಾಸ ಇದ್ದೇ ಇದೆ. ಯಾರಾದರೂ ಎನ್‌ಎನ್‌ಟಿ ಇಷ್ಟು ಅಂತ ಹೇಳಿ ಎಷ್ಟು ವರ್ಷಕ್ಕೆ ಅಂತ ಹೇಳದಿದ್ದರೆ ಆ ಸಂಖ್ಯೆಯನ್ನು ಪಕ್ಕಕ್ಕಿಡಿ. ವೇಗ ಹೇಳಿ ಗಂಟೆಗೋ ನಿಮಿಷಕ್ಕೋ ಹೇಳದ ಹಾಗೆ ಅದು.

ಚಿಕ್ಕಪೇಟೆಯಲ್ಲಿ ಶೇ 30 ರಿಯಾಯಿತಿ ಬೋರ್ಡ್ ನೋಡಿದ್ದೀರಲ್ಲ. ನೂರು ರೂಪಾಯಿ ಟವೆಲ್ ಮೇಲೆ ಮೂವತ್ತು ಉಳಿಯುತ್ತದೆ, ಹತ್ತು ಸಾವಿರದ ಸೀರೆ ಮೇಲೆ ಮೂರು ಸಾವಿರ. ಬೋರ್ಡು ಒಂದೇ. ಎಷ್ಟು ಉಳಿಯಿತು ಅನ್ನೋದು ನಿಮ್ಮ ಕೈಯಲ್ಲಿರುವ ಬಟ್ಟೆಯ ಬೆಲೆ ಮೇಲೆ. ರಿಸ್ಕ್ ರೇಶಿಯೊ ಅಂದರೆ ಬೋರ್ಡು. ನಿಮ್ಮ ಈಗಿನ ಅಪಾಯ ಎಷ್ಟು ಅನ್ನೋದು ಬಟ್ಟೆಯ ಬೆಲೆ. ಎರಡೂ ಗೊತ್ತಿಲ್ಲದೆ ಉಳಿತಾಯ ಎಷ್ಟು ಅಂತ ಹೇಳೋಕೆ ಆಗಲ್ಲ.

ನಾವು ರಿವ್ಯೂ ಮಾಡುವವರು ಹತ್ತಾರು ಟ್ರಯಲ್‌ಗಳನ್ನು ಒಟ್ಟುಗೂಡಿಸುವಾಗ ಸಾಮಾನ್ಯವಾಗಿ ರೇಶಿಯೊವನ್ನೇ ಹಿಡಿಯುವುದು ಇದೇ ಕಾರಣಕ್ಕೆ. ಒಂದು ಟ್ರಯಲ್‌ನಲ್ಲಿ ವಯಸ್ಸಾದವರು, ಇನ್ನೊಂದರಲ್ಲಿ ನಡುವಯಸ್ಸಿನವರು. ಒಂದು ಆರು ತಿಂಗಳದ್ದು, ಇನ್ನೊಂದು ಐದು ವರ್ಷದ್ದು. ಕಳೆದ ಲೆಕ್ಕ ಹಿಡಿದರೆ ಒಂದೊಂದು ಕಡೆ ಒಂದೊಂದು ಉತ್ತರ ಬರುತ್ತದೆ. ಭಾಗಿಸಿದ ಲೆಕ್ಕ ಒಟ್ಟಾರೆಯಾಗಿ ಅಷ್ಟು ಅಲ್ಲಾಡುವುದಿಲ್ಲ. ಹಾಗಾಗಿ ಒಟ್ಟುಗೂಡಿಸುವಾಗ ರೇಶಿಯೊ, ಆಮೇಲೆ ರೋಗಿಗೆ ಹೇಳುವಾಗ ಅವರ ಅಪಾಯಕ್ಕೆ ಅದನ್ನು ಗುಣಿಸಿ ನೂರಕ್ಕೆ ಇಷ್ಟು ಅಂತ ಕೊಡಬೇಕು. ಈ ಎರಡನೇ ಹೆಜ್ಜೆಯನ್ನು ಅರ್ಧ ಜನ ಬಿಟ್ಟುಬಿಡುತ್ತಾರೆ. ಪ್ರಬಂಧದ ಮೊದಲ ಪ್ಯಾರಾದಲ್ಲಿ ರೇಶಿಯೊ ನೋಡಿ, ಅದನ್ನೇ ಹೆಡ್‌ಲೈನ್ ಮಾಡಿ, ಮುಗಿಯಿತು.

ಹೆಡ್‌ಲೈನ್ ತಾನೇ, ಏನಾಗುತ್ತೆ ಮಹಾ ಅಂತ ಅನ್ನಿಸಬಹುದು. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ. ಎರಡು ಪಟ್ಟು, ಅಂದರೆ ಶೇ 100 ಹೆಚ್ಚಳ! ಪೇಪರ್, ಟಿವಿ ಎಲ್ಲ ಕಡೆ ಅದೇ. ಹೆಂಗಸರು ಗಾಬರಿಯಾಗಿ ಮಾತ್ರೆ ನಿಲ್ಲಿಸಿದರು. ಮಾರನೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ನಿಜಕ್ಕೂ ಏರಿದ್ದು ಎಷ್ಟು ಗೊತ್ತಾ? ಹಳೆಯ ಮಾತ್ರೆಯಲ್ಲಿ 7000ಕ್ಕೆ ಒಬ್ಬರು, ಹೊಸದರಲ್ಲಿ 7000ಕ್ಕೆ ಇಬ್ಬರು. ಗರ್ಭ ಧರಿಸಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಅದಕ್ಕಿಂತ ಹೆಚ್ಚು. ಯಾವುದಕ್ಕೆ ಹೆದರಿ ಮಾತ್ರೆ ಬಿಟ್ಟರೋ ಅದರ ಕಡೆಗೇ ಹೋದ ಹಾಗಾಯಿತು. ಸಮಿತಿ ಸುಳ್ಳು ಹೇಳಲಿಲ್ಲ. 'ಏಳು ಸಾವಿರಕ್ಕೆ ಒಬ್ಬರು ಹೆಚ್ಚು' ಎಂಬ ಇನ್ನೊಂದು ವಾಕ್ಯ ಜನರಿಗೆ ತಲುಪಲಿಲ್ಲ, ಅಷ್ಟೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೂರನೇ ತಿಂಗಳು. ಒಂದು ರಿಪೋರ್ಟಿನಲ್ಲಿ ಆಡ್ಸ್ ರೇಶಿಯೊ 0.6 ಇತ್ತು. ನಾನು ಸಾರಾಂಶದಲ್ಲಿ "ಸಾಧ್ಯತೆ ಶೇ 40 ಕಡಿಮೆ" ಅಂತ ಚಂದವಾಗಿ ಬರೆದು ಕಳಿಸಿದೆ. ನಮ್ಮ ಸೀನಿಯರ್ ಸಿಟ್ಟು ಮಾಡಿಕೊಳ್ಳಲಿಲ್ಲ, ಕುರ್ಚಿ ಎಳೆದು ಪಕ್ಕದಲ್ಲಿ ಕೂತು, "ಆಡ್ಸ್ ಅಂದ್ರೆ ಏನು ಹೇಳು" ಅಂದರು. ನಾನು "ರಿಸ್ಕ್ ಥರಾನೇ ಸರ್" ಅಂದೆ. ಈಗಲೂ ನೆನಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಆಡ್ಸ್ ರಿಸ್ಕ್ ಥರ ಅಲ್ಲ. ಹತ್ತು ಜನರಲ್ಲಿ ಇಬ್ಬರಿಗೆ ಜ್ವರ ಬಂದರೆ ರಿಸ್ಕ್ ಹತ್ತಕ್ಕೆ ಎರಡು. ಆಡ್ಸ್ ಅಂದರೆ ಬಂದವರು ಇಬ್ಬರು, ಬರದವರು ಎಂಟು ಜನ, ಅಂದರೆ ಎಂಟಕ್ಕೆ ಎರಡು. ಬಾಜಿ ಕಟ್ಟುವವರ ಲೆಕ್ಕ ಇದು. ಘಟನೆ ಅಪರೂಪದ್ದಾದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ಸಾವಿರಕ್ಕೆ ಇಬ್ಬರಾದರೆ 1000ಕ್ಕೆ 2, 998ಕ್ಕೆ 2, ಏನೂ ವ್ಯತ್ಯಾಸ ಇಲ್ಲ. ಘಟನೆ ಸಾಮಾನ್ಯವಾದದ್ದಾದರೆ ಆಡ್ಸ್ ರೇಶಿಯೊ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ನಾನು ಮಾಡಿದ ತಪ್ಪನ್ನು ನನಗಿಂತ ದೊಡ್ಡವರೂ ಮಾಡಿದ್ದಾರೆ ಅಂತ ಸಮಾಧಾನ ಹೇಳುತ್ತ ಸೀನಿಯರ್ ಅವತ್ತು ತೋರಿಸಿದ್ದು 1999ರ ಅಮೆರಿಕದ ಒಂದು ಅಧ್ಯಯನ. ಎದೆನೋವು ಅಂತ ಬಂದ ರೋಗಿಗಳ ಪಾತ್ರವನ್ನು ನಟರಿಂದ ಮಾಡಿಸಿ, ವಿಡಿಯೊ ತೆಗೆದು, 720 ವೈದ್ಯರಿಗೆ ತೋರಿಸಿದರು. ಇವರನ್ನು ಹೃದಯದ ಆಂಜಿಯೋಗ್ರಾಂ ಥರದ ಪರೀಕ್ಷೆಗೆ ಕಳಿಸ್ತೀರಾ ಅಂತ ಪ್ರಶ್ನೆ. ಗಂಡಸರಿಗೆ ಹೋಲಿಸಿದರೆ ಹೆಂಗಸರಿಗೆ, ಬಿಳಿಯರಿಗೆ ಹೋಲಿಸಿದರೆ ಕರಿಯರಿಗೆ, ಆಡ್ಸ್ ರೇಶಿಯೊ 0.6 ಬಂತು. ಮಾಧ್ಯಮಗಳು ಒಂದೇ ಸಮ "ಶೇ 40 ಕಡಿಮೆ" ಅಂತ ಸಾರಿದವು. ಕಚ್ಚಾ ಸಂಖ್ಯೆ ನೋಡಿದರೆ ಒಂದು ಗುಂಪಿನಲ್ಲಿ ನೂರಕ್ಕೆ 90.6, ಇನ್ನೊಂದರಲ್ಲಿ 84.7. ರಿಸ್ಕ್ ರೇಶಿಯೊ 0.93, ಅಂದರೆ ಶೇ 7 ಕಡಿಮೆ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಬೇರೆ ಮೂವರು ಇದನ್ನು ಬಿಡಿಸಿ ಬರೆದರು. ಇನ್ನೂ ಒಳಗೆ ಹೋಗಿ ನೋಡಿದರೆ ಕಡಿಮೆ ಆಗಿದ್ದು ಕರಿಯ ಹೆಂಗಸರ ಒಂದು ಗುಂಪಿನಲ್ಲಿ ಮಾತ್ರ, 78.8. ತಾರತಮ್ಯ ಇಲ್ಲ ಅಂತ ಇದರ ಅರ್ಥ ಅಲ್ಲ. ಅನ್ಯಾಯ ಯಾರಿಗೆ ಆಗುತ್ತಿತ್ತೋ ಅವರೇ ಆ ಶೇ 40ರ ಗದ್ದಲದಲ್ಲಿ ಕಾಣದೇ ಹೋದರು. ನನಗೆ ಇವತ್ತಿಗೂ ಕಾಡುವುದು ಅದು.

ಹಾಗಾದರೆ ಈ ಆಡ್ಸ್ ಅನ್ನೋದನ್ನು ಯಾಕಾದರೂ ಇಟ್ಟುಕೊಂಡಿದ್ದಾರೆ? ಕಾರಣ ಇದೆ. ಕಾಯಿಲೆ ಬಂದವರನ್ನೂ ಬರದವರನ್ನೂ ಮೊದಲು ಆರಿಸಿಕೊಂಡು, ಹಿಂದೆ ಏನು ಮಾಡ್ತಿದ್ದರು ಅಂತ ಕೇಳುವ ಅಧ್ಯಯನಗಳಲ್ಲಿ ರಿಸ್ಕ್ ನೇರವಾಗಿ ಸಿಗೋದಿಲ್ಲ, ಆಡ್ಸ್ ರೇಶಿಯೊ ಸಿಗುತ್ತದೆ. ಇನ್ನೊಂದು ಗುಣವೂ ಇದೆ. ಫೋರ್ ಎಸ್‌ನ ಅದೇ ನಾಲ್ಕು ಸಂಖ್ಯೆ ತಗೊಳ್ಳಿ. ತೊಂದರೆ ಆದವರನ್ನು ಎಣಿಸಿ ಭಾಗಿಸಿದರೆ ಶೇ 31 ಕಡಿಮೆ. ಪ್ರಬಂಧದ ಶೇ 34 ಯಾಕೆ ಬೇರೆ ಅಂದರೆ, ಅವರು ತೊಂದರೆ ಯಾವಾಗ ಆಯಿತು ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ. ತೊಂದರೆ ಆಗದೇ ಉಳಿದವರನ್ನು ಎಣಿಸಿದರೆ 72ರಿಂದ 81, ಅಂದರೆ ಶೇ 12 ಹೆಚ್ಚು. ಆಡ್ಸ್ ಹಿಡಿದರೆ ಶೇ 38 ಕಡಿಮೆ. ಕಳೆದರೆ ನೂರಕ್ಕೆ 9. ಒಂದೇ ಟ್ರಯಲ್, ಅವರೇ ಜನ, ಅದೇ ಮಾತ್ರೆ. ನಿಮಗೆ ಯಾವುದು ಬೇಕು? ಸತ್ತವರನ್ನು ಎಣಿಸುವುದೋ ಬದುಕಿದವರನ್ನೋ ಅನ್ನುವುದರ ಮೇಲೆ ರಿಸ್ಕ್ ರೇಶಿಯೊ ಬದಲಾಗುತ್ತದೆ, ಆಡ್ಸ್ ರೇಶಿಯೊ ಮಾತ್ರ ತಲೆಕೆಳಗಾಗಿ ಅದೇ ಬರುತ್ತದೆ. ಲೆಕ್ಕ ಮಾಡುವವರಿಗೆ ಅದು ಸಲೀಸು. ಆದರೆ ಓದುವವರಲ್ಲಿ ಹೆಚ್ಚಿನವರು ಅದನ್ನು ರಿಸ್ಕ್ ಅಂತಲೇ ಓದುತ್ತಾರೆ, ನಾನು ಓದಿದ ಹಾಗೆ. ಆದ್ದರಿಂದ ನಮ್ಮ ತಂಡದಲ್ಲಿ ಈಗ ಒಂದು ನಿಯಮ: ಯಾವುದನ್ನು ಎಣಿಸುತ್ತೇವೆ, ಯಾವ ಅಳತೆ ಬಳಸುತ್ತೇವೆ ಅಂತ ಡೇಟಾ ನೋಡುವ ಮೊದಲೇ ಬರೆದಿಡಬೇಕು. ನೋಡಿದ ಮೇಲೆ ಆರಿಸಲು ಬಿಟ್ಟರೆ ಮನುಷ್ಯನ ಕೈ ತಾನಾಗಿ ದೊಡ್ಡದಾಗಿ ಕಾಣುವ ಸಂಖ್ಯೆ ಕಡೆಗೇ ಹೋಗುತ್ತದೆ.

ಹೌದು-ಇಲ್ಲ ಅಂತ ಹೇಳಲಾಗದ ವಿಷಯಗಳೂ ಇವೆ, ಮಂಡಿನೋವಿನ ಥರ. ಎಲ್ಲ ಟ್ರಯಲ್‌ನಲ್ಲೂ ನೋವನ್ನು ಒಂದೇ ಪ್ರಶ್ನಾವಳಿಯಲ್ಲಿ ಅಳೆದಿದ್ದರೆ ಎಷ್ಟು ಅಂಕ ಇಳಿಯಿತು ಅಂತ ನೇರವಾಗಿ ಹೇಳಬಹುದು. ಬೇರೆ ಬೇರೆ ಪ್ರಶ್ನಾವಳಿಯಾದರೆ ಎಲ್ಲವನ್ನೂ ಒಂದು ಸಮಾನ ಮಾನಕ್ಕೆ ತರುತ್ತಾರೆ, ಎಸ್‌ಎಂಡಿ ಅಂತ. 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಅಂತ ಒಂದು ರೂಢಿಯ ಲೆಕ್ಕ. ಅಜ್ಜಿಗೆ ಮೆಟ್ಟಿಲು ಹತ್ತೋಕೆ ಆಗುತ್ತಾ ಅನ್ನುವ ಪ್ರಶ್ನೆಗೆ "0.3" ಅನ್ನೋದು ಉತ್ತರ ಅಲ್ಲ. ಅದನ್ನು ಮತ್ತೆ ನೋವಿನ ಅಂಕಕ್ಕೆ ತಿರುಗಿಸಿ ಹೇಳದಿದ್ದರೆ ಪ್ರಯೋಜನ ಕಮ್ಮಿ.

ಕಳೆದ ಲೆಕ್ಕವೇ ಸದಾ ಪ್ರಾಮಾಣಿಕ, ಭಾಗಿಸಿದ್ದು ಮೋಸ ಅಂತ ತೀರ್ಮಾನಕ್ಕೆ ಬರಬೇಡಿ. ಕೋವಿಡ್ ಸಮಯ ನೆನಪಿದೆಯಲ್ಲ. ಫೈಜರ್ ಲಸಿಕೆಯ ಟ್ರಯಲ್‌ನಲ್ಲಿ ಎರಡೂ ಗುಂಪಿನಲ್ಲಿ ಹದಿನೆಂಟು ಸಾವಿರದಷ್ಟು ಜನ. ಲಸಿಕೆ ಪಡೆದವರಲ್ಲಿ 8 ಮಂದಿಗೆ ಕೋವಿಡ್, ಪಡೆಯದವರಲ್ಲಿ 162. ಶೇ 95 ಪರಿಣಾಮಕಾರಿ ಅಂದದ್ದು ಇದನ್ನೇ. ಆಮೇಲೆ "ನಿಜವಾದ ಪರಿಣಾಮ ಶೇ 0.84 ಮಾತ್ರ, ಮುಚ್ಚಿಟ್ಟಿದ್ದಾರೆ" ಎಂಬ ಫಾರ್ವರ್ಡ್‌ಗಳು ಬಂದವು. 0.84 ಕೂಡ ಲೆಕ್ಕದ ಪ್ರಕಾರ ಸರಿ. ಆದರೆ ಅದು ಸುಮಾರು ಎರಡು ತಿಂಗಳಲ್ಲಿ, ಆಗ ಅಲ್ಲಿ ಎಷ್ಟು ಸೋಂಕು ಹರಡಿತ್ತೋ ಅಷ್ಟರಲ್ಲಿ ಬಂದ ಸಂಖ್ಯೆ. ಮಳೆ ಇಲ್ಲದ ವಾರದಲ್ಲಿ ಛತ್ರಿ ಎಷ್ಟು ಜನರನ್ನು ಒದ್ದೆಯಾಗದಂತೆ ಕಾಪಾಡಿತು ಅಂತ ಎಣಿಸಿದರೆ ಛತ್ರಿಯ ತಪ್ಪೇನು? ಅಲ್ಲಿ ಲಸಿಕೆಯ ಗುಣ ಹೇಳುತ್ತಿದ್ದದ್ದು ರೇಶಿಯೊವೇ.

ಭಾನುವಾರ ಬೆಳಿಗ್ಗೆ ನಾನು ತೋಟದ ಮನೆ ಮುಟ್ಟಿದಾಗ ದೊಡ್ಡಪ್ಪ ಅಂಗಳದಲ್ಲಿ ಕೂತು ಅಡಿಕೆ ಆರಿಸುತ್ತಿದ್ದರು. ಕಾಫಿ ಕುಡಿದು ನಾನೂ ಪಕ್ಕದಲ್ಲಿ ಕೂತೆ. ಬಂದ ಕಾರಣ ಅವರಿಗೆ ಗೊತ್ತಿತ್ತು.

"ನೀನೂ ಕಂಪನಿ ಕಡೆಯವಳಾ ಮಾರಾಯ್ತಿ?"

"ದೊಡ್ಡಪ್ಪ, ನೂರು ಅಡಿಕೆ ಎಣಿಸಿ ಕೊಡಿ" ಅಂದೆ.

ಎಣಿಸಿ ಕೊಟ್ಟರು. ನೂರರಿಂದ ಮೂರು ತೆಗೆದು ಪಕ್ಕಕ್ಕಿಟ್ಟೆ. ಇವರು ಹಾರ್ಟ್ ಅಟ್ಯಾಕ್ ಆಗದೇ ಇದ್ದ, ಬಿಪಿ ಇದ್ದ ಜನ, ಮಾತ್ರೆ ಇಲ್ಲದಿದ್ದರೆ ಮೂರು ವರ್ಷದಲ್ಲಿ ಮೂವರಿಗೆ ತೊಂದರೆ. ಮಾತ್ರೆ ತಗೊಂಡರೆ ಇಬ್ಬರಿಗೆ. ಒಂದು ಅಡಿಕೆ ವಾಪಸ್ ರಾಶಿಗೆ ಹಾಕಿದೆ. "ವಿಡಿಯೊದವನು ಹೇಳಿದ್ದು ಈ ಒಂದು." ಆಮೇಲೆ ಎಲ್ಲ ಸೇರಿಸಿ ಮತ್ತೆ ಇಪ್ಪತ್ತೆಂಟು ತೆಗೆದು ಇಟ್ಟೆ. ಇವರು ಆಗಲೇ ಹೃದಯದ ಕಾಯಿಲೆ ಆದವರು. ಮಾತ್ರೆ ತಗೊಂಡರೆ ಹತ್ತೊಂಬತ್ತು. ಒಂಬತ್ತು ಅಡಿಕೆ ಒಂದೊಂದಾಗಿ ವಾಪಸ್ ಹಾಕಿದೆ. ದೊಡ್ಡಪ್ಪ ನನ್ನ ಕೈಯನ್ನೇ ನೋಡುತ್ತಿದ್ದರು.

ಇದು ಮೂವತ್ತು ವರ್ಷದ ಹಿಂದಿನ, ಬೇರೆ ದೇಶದ ಲೆಕ್ಕ, ಈಗ ಸ್ಟಂಟು, ಬೇರೆ ಔಷಧಿ ಎಲ್ಲ ಇರುವುದರಿಂದ ನಿಮ್ಮದು ಇಪ್ಪತ್ತೆಂಟೇ ಅಂತ ನಾನು ಹೇಳಲಾರೆ ಅಂತಲೂ ಹೇಳಿದೆ. ಮುಚ್ಚಿಟ್ಟರೆ ನನಗೂ ಆ ಜಾಹೀರಾತಿನವರಿಗೂ ಏನು ವ್ಯತ್ಯಾಸ?

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಆ ಒಂಬತ್ತರಲ್ಲಿ ನಾನಿದ್ದೀನಿ ಅಂತ ಹೆಂಗೆ ಗೊತ್ತು? ಮಾತ್ರೆ ತಗೊಂಡೂ ಆಗೋ ಹತ್ತೊಂಬತ್ತರಲ್ಲಿ ಇರಬಹುದು. ಏನೂ ಆಗದೇ ಇರೋ ಎಪ್ಪತ್ತೆರಡರಲ್ಲೂ ಇರಬಹುದು."

ನನ್ನ ಆಫೀಸಿನಲ್ಲಿ ಎಷ್ಟೋ ಜನ ಕೇಳದ ಪ್ರಶ್ನೆ ಅದು. ಯಾರಿಗೂ ಗೊತ್ತಿಲ್ಲ ದೊಡ್ಡಪ್ಪ, ಡಾಕ್ಟರಿಗೂ ಗೊತ್ತಿಲ್ಲ ಅಂದೆ. ಆಮೇಲೆ ತೋಟದ ಕಡೆ ಕೈ ತೋರಿಸಿ ಕೇಳಿದೆ, "ಮಳೆ ಹಿಡಿಯೋ ಮುಂಚೆ ಬೋರ್ಡೋ ಹೊಡೆಸ್ತೀರಲ್ಲ, ಹೊಡೆಸದಿದ್ದರೆ ಎಲ್ಲ ಮರಕ್ಕೂ ಕೊಳೆ ಬರುತ್ತಾ?"

"ಎಲ್ಲದಕ್ಕೂ ಎಲ್ಲಿ ಬರುತ್ತೆ."

"ಯಾವುದಕ್ಕೆ ಬರುತ್ತೆ ಅಂತ ಗೊತ್ತಾ?"

"ಗೊತ್ತಿದ್ದರೆ ಅದಕ್ಕೊಂದೇ ಹೊಡೆಸ್ತಿದ್ದೆ. ಮೈಲುತುತ್ತದ ರೇಟು ಗೊತ್ತಾ ನಿಂಗೆ?" ಅಂದವರು ಅಲ್ಲಿಗೇ ನಿಲ್ಲಲಿಲ್ಲ. "ಕೆಳಗಿನ ತೋಟಕ್ಕೆ ಬಿಡದೇ ಎರಡು ಸಲ ಹೊಡೆಸ್ತೀನಿ, ಅಲ್ಲಿ ನೀರು ನಿಲ್ಲುತ್ತೆ, ಕೊಳೆ ಜಾಸ್ತಿ. ಮೇಲಿನ ತೋಟಕ್ಕೆ ಒಂದು ಸಲ, ಕೆಲವು ವರ್ಷ ಅದೂ ಇಲ್ಲ. ಔಷಧಿ ಅದೇ. ಅಲ್ಲಿ ಹೊಡೆಸಿದ್ದಕ್ಕೆ ಪೂರೈಸಲ್ಲ."

ನಾನು ಬಾಯಿ ಮುಚ್ಚಿಕೊಂಡು ಕೂತೆ. ಟವೆಲ್ಲು, ಸೀರೆ ಅಂತ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆಲ್ಲ ವ್ಯರ್ಥ.

"ಅಂದರೆ ನಾನು ಕೆಳಗಿನ ತೋಟ" ಅಂದರು ದೊಡ್ಡಪ್ಪ.

ಮಾತ್ರೆಯಿಂದ ಮೈಕೈ ನೋವು ಬರುತ್ತೆ ಅಂತ ಅವರಿಗೆ ಇನ್ನೊಂದು ದೂರೂ ಇತ್ತು. ಅದನ್ನು ನಾನು ಬಗೆಹರಿಸುವಂತಿಲ್ಲ, ಡಾಕ್ಟರ ಹತ್ತಿರವೇ ಹೇಳಬೇಕು ಅಂತ ಮೂರು ಪ್ರಶ್ನೆ ಬರೆದುಕೊಟ್ಟೆ. ನನ್ನಂಥವರಿಗೆ ಮಾತ್ರೆ ಇಲ್ಲದೆ ಐದು ವರ್ಷದಲ್ಲಿ ನೂರಕ್ಕೆ ಎಷ್ಟು ಜನರಿಗೆ ತೊಂದರೆ ಆಗುತ್ತೆ, ತಗೊಂಡರೆ ಎಷ್ಟು, ನೋವಿಗೆ ಡೋಸ್ ಅಥವಾ ಮಾತ್ರೆ ಬದಲಿಸಬಹುದಾ. ಬುಧವಾರ ಶಿವಮೊಗ್ಗಕ್ಕೆ ಹೋದರು. ಡಾಕ್ಟರು ಮೊದಲೆರಡು ಪ್ರಶ್ನೆಗೆ ಒಂದು ಕ್ಷಣ ತಲೆ ಎತ್ತಿ ನೋಡಿ, ಆಮೇಲೆ ಕೂತು ಹೇಳಿದರಂತೆ. ಮಾತ್ರೆ ಬದಲಾಯಿತು, ಆದರೆ ನಿಲ್ಲಲಿಲ್ಲ.

ನಿನ್ನೆ ರಾತ್ರಿ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದ್ದರು. ಯಾವುದೋ ಕಷಾಯದಿಂದ ಶುಗರ್ ಕಾಯಿಲೆ ಬರುವ ಅಪಾಯ ಶೇ 50 ಕಡಿಮೆ ಅಂತ, ಗುಲಾಬಿ ಹೂವಿನ ಚಿತ್ರದ ಜೊತೆ. ಐದು ನಿಮಿಷದಲ್ಲಿ ಕೆಳಗೆ ದೊಡ್ಡಪ್ಪನ ಮೆಸೇಜ್ ಬಂತು: "ನೂರಕ್ಕೆ ಎಷ್ಟಿದ್ದದ್ದು ಎಷ್ಟಾಯ್ತು? ಎಷ್ಟು ವರ್ಷಕ್ಕೆ?"

ಚಿಕ್ಕಮ್ಮ ಇನ್ನೂ ಉತ್ತರ ಕೊಟ್ಟಿಲ್ಲ. ಎರಡು ನೀಲಿ ಟಿಕ್ ಮಾತ್ರ ಕಾಣ್ತಿದೆ.